ಹೃದಯದ ರಕ್ತನಾಳ ಹುಟ್ಟಿನಿಂದಲೇ ದಾರಿ ತಪ್ಪಿದ್ದರೆ: ಎಕೋ, ಸಿಟಿ, ಎಂಆರ್‌ಐ, ಆಂಜಿಯೋಗ್ರಾಂ, ಯಾರಿಗೆ ಯಾವುದು?

ಎಕೋ ವರದಿಯ ಕೊನೆಯಲ್ಲಿ "ಬಲ ಕೊರೊನರಿಯ ಮೂಲ ಸ್ಪಷ್ಟವಾಗಿ ಕಾಣಲಿಲ್ಲ, ಸಿಟಿ ಕೊರೊನರಿ ಆಂಜಿಯೋಗ್ರಾಂ ಮಾಡಿಸುವುದು ಸೂಕ್ತ" ಅಂತ ಒಂದು ಸಾಲು ಇದ್ದರೆ ಸಾಕು, ಮನೆಮಂದಿಗೆಲ್ಲ ನಿದ್ದೆ ಹಾರುತ್ತದೆ. ಆಮೇಲೆ ಸಲಹೆಗಳ ಸುರಿಮಳೆ. ಎಂಆರ್‌ಐ ಮಾಡಿಸಿ, ರೇಡಿಯೇಷನ್ ಇಲ್ಲ ಅಂತ ಒಬ್ಬರು. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡುವ ಟಿಎಂಟಿ ನಾರ್ಮಲ್ ಬಂದಿದೆಯಲ್ಲ, ಸುಮ್ಮನಿರಿ ಅಂತ ಇನ್ನೊಬ್ಬರು. ಸುತ್ತಿ ಬಳಸುವುದೇಕೆ, ಕೈಯಿಂದ ತೂರಿಸುವ ಆಂಜಿಯೋಗ್ರಾಂ ಮಾಡಿಸಿಬಿಡಿ ಅಂತ ಮತ್ತೊಬ್ಬರು. ಬೇರೆ ಹೃದಯದ ತೊಂದರೆಗಳಲ್ಲಿ ಈ ಮಾತುಗಳಿಗೆ ಬೆಲೆ ಇರಬಹುದು. ಕೊರೊನರಿ ಎಂದರೆ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ನಾಳ. ಹುಟ್ಟಿನಿಂದಲೇ ತಪ್ಪು ಜಾಗದಲ್ಲಿ ಹುಟ್ಟಿದ ಕೊರೊನರಿಯ ವಿಷಯಕ್ಕೆ ಬಂದರೆ ಮೂರೂ ಅರ್ಧಂಬರ್ಧ.

ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ನಾಳ ಎಲ್ಲಿ ಹುಟ್ಟಿ ಯಾವ ದಾರಿಯಲ್ಲಿ ಹೋಗುತ್ತಿದೆ ಎನ್ನುವುದು ಮೊದಲನೆಯದು. ಹಾಗೆ ಹೋಗುವುದರಿಂದ ಹೃದಯದ ಸ್ನಾಯುವಿಗೆ ರಕ್ತ ಕಡಿಮೆ ಬೀಳುತ್ತಿದೆಯೇ ಎನ್ನುವುದು ಎರಡನೆಯದು. ಒಂದಕ್ಕೆ ನಕ್ಷೆ ಬೇಕು, ಇನ್ನೊಂದಕ್ಕೆ ಹರಿವಿನ ಲೆಕ್ಕ ಬೇಕು. ಒಂದೇ ಪರೀಕ್ಷೆ ಎರಡಕ್ಕೂ ಪೂರ್ತಿ ಉತ್ತರ ಕೊಡುವುದು ಅಪರೂಪ. ಯಾವ ಯಂತ್ರ ದುಬಾರಿ, ಯಾವುದು ಹೊಸದು ಎಂಬ ಲೆಕ್ಕ ಬಿಟ್ಟು, ನಿಮಗೆ ಈಗ ಉತ್ತರ ಬೇಕಿರುವುದು ಯಾವ ಪ್ರಶ್ನೆಗೆ ಅಂತ ನೋಡಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ದೋಷ ಯಾವುದು ಅಂತ ತಿಳಿಯಲಿ

ಮಹಾಪಧಮನಿ ಹೃದಯದಿಂದ ಹೊರಡುವ ಬುಡದಲ್ಲಿ, ಕವಾಟಕ್ಕೆ ಸ್ವಲ್ಪ ಮೇಲೆ, ಮೂರು ಉಬ್ಬುಗಳಿರುತ್ತವೆ. ವೈದ್ಯರು ಅವನ್ನು ಸೈನಸ್ ಅನ್ನುತ್ತಾರೆ. ಎಡ ಸೈನಸ್‌ನಿಂದ ಎಡ ಕೊರೊನರಿ, ಬಲ ಸೈನಸ್‌ನಿಂದ ಬಲ ಕೊರೊನರಿ ಹುಟ್ಟುತ್ತವೆ, ಮೂರನೆಯದು ಖಾಲಿ. ಎಡದ್ದು ಕೊಂಚ ದೂರ ಹೋಗಿ ಹೃದಯದ ಮುಂಭಾಗಕ್ಕೆ ಇಳಿಯುವ ಎಲ್‌ಎಡಿ, ಪಕ್ಕದಿಂದ ಸುತ್ತಿ ಹೋಗುವ ಸರ್ಕಂಫ್ಲೆಕ್ಸ್ ಎಂದು ಕವಲೊಡೆಯುತ್ತದೆ. ಬಹುಪಾಲು ಜನರಲ್ಲಿ ಇಷ್ಟೇ ಕಥೆ.

ನೂರಕ್ಕೆ ಒಬ್ಬರಲ್ಲಿ ಹೆಚ್ಚುಕಡಿಮೆ ಈ ಏರ್ಪಾಡು ತಪ್ಪಿರುತ್ತದೆ. 1990ರಲ್ಲಿ ಪ್ರಕಟವಾದ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ದೊಡ್ಡ ಅಧ್ಯಯನವೊಂದರಲ್ಲಿ 1,26,595 ಜನರ ಆಂಜಿಯೋಗ್ರಾಂಗಳನ್ನು ನೋಡಿದಾಗ 1,686 ಜನರಲ್ಲಿ, ಅಂದರೆ ಶೇ. 1.3ರಷ್ಟು ಮಂದಿಯಲ್ಲಿ, ಇಂಥ ದೋಷ ಸಿಕ್ಕಿತು. ಭಯಪಡುವ ಮೊದಲು ಅದೇ ಅಧ್ಯಯನದ ಮತ್ತೊಂದು ಅಂಕಿ ನೋಡಿ: ಸಿಕ್ಕ ದೋಷಗಳಲ್ಲಿ ಶೇ. 81ರಷ್ಟು ನಿರುಪದ್ರವಿ.

ಹಾಗಾದರೆ ಉಪದ್ರವ ಕೊಡುವುದು ಯಾವುದು? ಎಡ ಕೊರೊನರಿ ಬಲ ಸೈನಸ್‌ನಿಂದ ಹುಟ್ಟಿ, ಮಹಾಪಧಮನಿ ಮತ್ತು ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಧಮನಿಯ ನಡುವಿನ ಸಂದಿಯಲ್ಲಿ ತೂರಿ ಎಡಕ್ಕೆ ಹೋಗುವ ಬಗೆ ಎಲ್ಲಕ್ಕಿಂತ ಅಪಾಯಕಾರಿ. ಬಲ ಕೊರೊನರಿ ಎಡ ಸೈನಸ್‌ನಿಂದ ಹುಟ್ಟಿ ಅದೇ ಸಂದಿಯಲ್ಲಿ ಬಲಕ್ಕೆ ಬರುವುದು ಇದಕ್ಕಿಂತ ಹೆಚ್ಚು ಜನರಲ್ಲಿ ಕಾಣುತ್ತದೆ, ಅಪಾಯ ಕಡಿಮೆ. ಎರಡರಲ್ಲೂ ಸಮಸ್ಯೆ ಸಂದಿಯದ್ದಷ್ಟೇ ಅಲ್ಲ. ಅಡ್ಡ ಜಾಗದಿಂದ ಹೊರಡುವ ನಾಳ ಮಹಾಪಧಮನಿಯ ಗೋಡೆಯೊಳಗೇ ಕೆಲವು ಮಿಲಿಮೀಟರ್ ಹರಿದು ಆಮೇಲೆ ಹೊರಬರುತ್ತದೆ. ಅದರ ಬಾಯಿ ದುಂಡಗಿರುವ ಬದಲು ಅಂಗಿಯ ಗುಂಡಿತೂತಿನ ಹಾಗೆ ಸೀಳಾಗಿರುತ್ತದೆ. ಓಡುವಾಗ, ಆಡುವಾಗ ಮಹಾಪಧಮನಿ ಹಿಗ್ಗುತ್ತದೆ. ಗೋಡೆಯೊಳಗಿನ ಆ ತುಂಡು ಚಪ್ಪಟೆಯಾಗುತ್ತದೆ, ಹೃದಯಕ್ಕೆ ಹೆಚ್ಚು ರಕ್ತ ಬೇಕಾದ ಹೊತ್ತಿನಲ್ಲೇ ಸಿಗುವುದು ಕಡಿಮೆಯಾಗುತ್ತದೆ. ಎರಡು ದೊಡ್ಡ ನಾಳಗಳ ನಡುವೆ ಸಿಕ್ಕಿ ಹಿಸುಕಿದಂತಾಗುತ್ತದೆ ಎಂಬ ಹಳೆಯ ವಿವರಣೆ ಈಗಲೂ ಚಾಲ್ತಿಯಲ್ಲಿದೆ. ಆದರೆ ಪಲ್ಮನರಿ ಧಮನಿಯ ಒತ್ತಡ ಬಹಳ ಕಡಿಮೆ, ಅದಕ್ಕೆ ಹಿಸುಕುವ ಶಕ್ತಿ ಇಲ್ಲ ಎಂಬ ವಾದದಲ್ಲಿ ಹುರುಳಿದೆ. ಪರೀಕ್ಷೆಯ ಆಯ್ಕೆಗೆ ಇದು ಮುಖ್ಯ, ಏಕೆಂದರೆ ನಾವು ನೋಡಬೇಕಿರುವುದು ಸಂದಿಯನ್ನಲ್ಲ, ಬಾಯಿಯ ಆಕಾರವನ್ನು ಮತ್ತು ಗೋಡೆಯೊಳಗಿನ ತುಂಡಿನ ಉದ್ದವನ್ನು.

ಸರ್ಕಂಫ್ಲೆಕ್ಸ್ ಬಲಗಡೆಯಿಂದ ಹುಟ್ಟಿ ಮಹಾಪಧಮನಿಯ ಹಿಂದಿನಿಂದ ಸುತ್ತಿ ಬರುವುದು ನಿರುಪದ್ರವಿಗಳ ಪಟ್ಟಿಯಲ್ಲಿ ಮೊದಲ ಸಾಲಿನದು. ಮುಂದೆ ಎಂದಾದರೂ ಕವಾಟದ ಆಪರೇಷನ್ ಆಗಬೇಕಾದರೆ ಮಾತ್ರ ಸರ್ಜನ್‌ಗೆ ಇದು ಗೊತ್ತಿರಬೇಕು, ಹೊಲಿಗೆ ಹಾಕುವ ಜಾಗದ ಪಕ್ಕದಲ್ಲೇ ಆ ನಾಳ ಇರುತ್ತದೆ. ಪಲ್ಮನರಿ ಧಮನಿಯ ಮುಂದಿನಿಂದ ಹಾಯುವ ದಾರಿಯೂ ಸಾಮಾನ್ಯವಾಗಿ ತೊಂದರೆ ಕೊಡದು. ಎಲ್‌ಎಡಿಯ ಸ್ವಲ್ಪ ಭಾಗ ಹೃದಯದ ಮಾಂಸದೊಳಗೆ ಮುಳುಗಿ ಹೋಗುವ ಮಯೋಕಾರ್ಡಿಯಲ್ ಬ್ರಿಡ್ಜ್ ಎಂಬುದಂತೂ ಎಷ್ಟು ಸಾಮಾನ್ಯ ಎಂದರೆ ಸಿಟಿ ಸ್ಕ್ಯಾನ್‌ಗಳಲ್ಲಿ ಸುಮಾರು ಐದರಲ್ಲಿ ಒಬ್ಬರಲ್ಲಿ ಕಾಣುತ್ತದೆ. ವರದಿಯಲ್ಲಿ ಆ ಹೆಸರು ಕಂಡು ಗಾಬರಿಯಾದವರ ಫೋನ್‌ಗಳೇ ಹೃದ್ರೋಗ ತಜ್ಞರಿಗೆ ಹೆಚ್ಚು ಬರುತ್ತಿರಬೇಕು.

ಹಸುಗೂಸುಗಳದ್ದು ಬೇರೆಯೇ ಲೋಕ. ಎಡ ಕೊರೊನರಿ ಮಹಾಪಧಮನಿಯ ಬದಲು ಪಲ್ಮನರಿ ಧಮನಿಯಿಂದಲೇ ಹುಟ್ಟುವ ದೋಷಕ್ಕೆ ಆಲ್‌ಕಾಪಾ ಎಂದು ಹೆಸರು, 1933ರಲ್ಲಿ ವಿವರಿಸಿದ ಮೂವರು ವೈದ್ಯರ ಹೆಸರಿನಲ್ಲಿ ಬ್ಲಾಂಡ್-ವೈಟ್-ಗಾರ್ಲೆಂಡ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಮೂರು ಲಕ್ಷ ಜನನಗಳಲ್ಲಿ ಒಂದು ಎನ್ನುವಷ್ಟು ಅಪರೂಪ. ಹುಟ್ಟಿದ ಕೆಲವು ವಾರ ಮಗು ಚೆನ್ನಾಗಿಯೇ ಇರುತ್ತದೆ. ಶ್ವಾಸಕೋಶದ ಒತ್ತಡ ಇಳಿಯುತ್ತಾ ಬಂದ ಹಾಗೆ ಎಡ ಕೊರೊನರಿಗೆ ರಕ್ತವೇ ನುಗ್ಗುವುದಿಲ್ಲ. ಹಾಲು ಕುಡಿಯುವಾಗ ಮಗು ಬೆವರುತ್ತದೆ, ಏದುಸಿರು ಬಿಡುತ್ತದೆ, ಬಿಳಿಚಿಕೊಂಡು ಚೀರುತ್ತದೆ. ಹೊಟ್ಟೆನೋವು ಅಂದುಕೊಂಡು ಮನೆಮದ್ದಿನಲ್ಲಿ ದಿನ ಕಳೆಯುವ ಅಪಾಯ ಇಲ್ಲಿದೆ. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ಮಕ್ಕಳು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ.

ಎಕೋ: ಮಕ್ಕಳಿಗೆ ಮೊದಲ ಆಯ್ಕೆ, ದೊಡ್ಡವರಿಗೆ ಬರೀ ಸುಳಿವು

ಎಕೋದಲ್ಲಿ ರೇಡಿಯೇಷನ್ ಇಲ್ಲ, ಸೂಜಿ ಇಲ್ಲ, ತಾಲೂಕು ಕೇಂದ್ರಗಳವರೆಗೂ ತಲುಪಿದೆ, ಖರ್ಚೂ ಉಳಿದವಕ್ಕಿಂತ ಕಡಿಮೆ. ಮಗುವಿನ ಎದೆ ತೆಳ್ಳಗಿರುವುದರಿಂದ ಅನುಭವಿ ಕೈಗೆ ಎರಡೂ ಕೊರೊನರಿಗಳ ಬಾಯಿ ಚೆನ್ನಾಗಿ ಸಿಗುತ್ತದೆ. ಆಲ್‌ಕಾಪಾದಲ್ಲಿ ಎಡ ಕೊರೊನರಿಯೊಳಗೆ ರಕ್ತ ಹಿಮ್ಮುಖವಾಗಿ ಹರಿಯುವುದು, ಬಲ ಕೊರೊನರಿ ದಪ್ಪವಾಗಿರುವುದು, ಮೈಟ್ರಲ್ ಕವಾಟ ಸೋರುವುದು ಕಲರ್ ಡಾಪ್ಲರ್‌ನಲ್ಲೇ ಗೊತ್ತಾಗುತ್ತದೆ. ಆದರೆ ಹುಡುಕಿದವರಿಗೆ ಮಾತ್ರ. ಹೃದಯ ದೊಡ್ಡದಾಗಿದೆ, ಪಂಪ್ ಮಾಡುವುದು ಕಡಿಮೆಯಾಗಿದೆ ಎಂಬುದಷ್ಟನ್ನೇ ನೋಡಿ ಡೈಲೇಟೆಡ್ ಕಾರ್ಡಿಯೋಮಯೋಪತಿ ಎಂದು ಬರೆದು ಮುಗಿಸಿದರೆ, ಆಪರೇಷನ್‌ನಿಂದ ಸರಿಹೋಗಬಹುದಾಗಿದ್ದ ಮಗು ಬರೀ ಔಷಧಿಯ ಮೇಲೆ ಉಳಿಯುತ್ತದೆ. ಹಾಗಾಗಿ ಹಸುಗೂಸಿಗೆ ಕಾರ್ಡಿಯೋಮಯೋಪತಿ ಎಂದು ವರದಿ ಬಂದರೆ "ಎರಡೂ ಕೊರೊನರಿ ಎಲ್ಲಿಂದ ಹುಟ್ಟಿವೆ ಅಂತ ನೋಡಿದ್ದೀರಾ?" ಎಂದು ಕೇಳಲು ಸಂಕೋಚ ಬೇಡ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳನ್ನು ಹುಟ್ಟು ಹೃದ್ರೋಗಕ್ಕೂ ತಪಾಸಣೆ ಮಾಡುತ್ತಾರೆ. ಅನುಮಾನ ಬಂದ ಮಗುವಿಗೆ ದೊಡ್ಡ ಆಸ್ಪತ್ರೆಯ ದಾರಿ ಅಲ್ಲಿಂದಲೂ ತೆರೆದಿದೆ.

ದೊಡ್ಡವರಲ್ಲಿ ಎಕೋ ಸೋಲುತ್ತದೆ. ಎದೆಯ ಗೋಡೆ ದಪ್ಪ, ಶ್ವಾಸಕೋಶ ಅಡ್ಡ. ಮೇಲಾಗಿ ವಯಸ್ಕರ ಎಕೋದಲ್ಲಿ ಕೊರೊನರಿಯ ಬಾಯಿ ಹುಡುಕುವ ರೂಢಿಯೇ ಎಲ್ಲ ಕಡೆ ಇಲ್ಲ. ಪಂಪಿಂಗ್ ಎಷ್ಟು, ಕವಾಟ ಹೇಗಿದೆ, ಇಷ್ಟಕ್ಕೆ ವರದಿ ಮುಗಿಯುತ್ತದೆ. "ಎಕೋ ನಾರ್ಮಲ್" ಎಂದರೆ ಕೊರೊನರಿ ನೆಟ್ಟಗಿದೆ ಎಂದು ಅರ್ಥವಲ್ಲ.

ಟಿಎಂಟಿ ಮತ್ತು ಕ್ಯಾಲ್ಸಿಯಂ ಸ್ಕೋರ್: ಪ್ಯಾಕೇಜ್‌ನ ಸಮಾಧಾನ

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ, ಮತ್ತೆ 2025ರಲ್ಲಿ ಹಾಸನ ಜಿಲ್ಲೆಯ ಸಾವುಗಳ ಸುದ್ದಿ ಹಬ್ಬಿದಾಗ, ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದು ಎಲ್ಲರಿಗೂ ನೆನಪಿದೆ. ಆ ಸಾವುಗಳಿಗೂ ಈ ದೋಷಕ್ಕೂ ಗಂಟು ಹಾಕಬೇಡಿ. ಹೇಳಲು ಹೊರಟಿದ್ದು, ಅಂಥ ಹೊತ್ತಿನಲ್ಲಿ ನಾವು ಮಾಡಿಸಿಕೊಳ್ಳುವ ತಪಾಸಣೆಯ ಬಗ್ಗೆ: ಇಸಿಜಿ, ಎಕೋ, ಟಿಎಂಟಿ, ಕೆಲವೊಮ್ಮೆ ಕ್ಯಾಲ್ಸಿಯಂ ಸ್ಕೋರ್. ಕೊಬ್ಬು ಕಟ್ಟಿದ ನಾಳವನ್ನು ಹುಡುಕಲು ಇವು ಉಪಯೋಗಕ್ಕೆ ಬರುತ್ತವೆ. ತಪ್ಪು ಜಾಗದಲ್ಲಿ ಹುಟ್ಟಿದ ನಾಳವನ್ನು ಇವು ಸುಲಭವಾಗಿ ತಪ್ಪಿಸಿಕೊಳ್ಳಲು ಬಿಡುತ್ತವೆ.

ಇದು ಬರೀ ಅನುಮಾನವಲ್ಲ. ಇಟಲಿ ಮತ್ತು ಅಮೆರಿಕದ ವೈದ್ಯರು 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ದೋಷದಿಂದ ಹಠಾತ್ತನೆ ಸತ್ತ 27 ಯುವ ಕ್ರೀಡಾಪಟುಗಳ ಹಿಂದಿನ ದಾಖಲೆ ಕೆದಕಿದರು. ಇಸಿಜಿ ಸಿಕ್ಕಿದ್ದ 9 ಜನರಲ್ಲೂ ಅದು ನಾರ್ಮಲ್. ಪೂರ್ತಿ ಶ್ರಮದ ಸ್ಟ್ರೆಸ್ ಪರೀಕ್ಷೆ ಮಾಡಿಸಿಕೊಂಡಿದ್ದ 6 ಜನರಲ್ಲೂ ನಾರ್ಮಲ್. ಒಂದು ದಿನ ಚೆನ್ನಾಗಿ ಓಡಿದ ಹೃದಯ ಇನ್ನೊಂದು ದಿನ ನಿಲ್ಲಬಹುದು ಎಂಬುದೇ ಈ ದೋಷದ ಕೆಟ್ಟ ಗುಣ. ಬ್ಯಾಸ್ಕೆಟ್‌ಬಾಲ್ ತಾರೆ ಪೀಟ್ ಮ್ಯಾರವಿಚ್ ಹತ್ತು ಸೀಸನ್ ಎನ್‌ಬಿಎ ಆಡಿದವರು. 1988ರ ಜನವರಿ 5ರಂದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಗೆಳೆಯರ ಜತೆ ಸುಮ್ಮನೆ ಆಡುತ್ತಿದ್ದಾಗ ಕುಸಿದು ಸತ್ತರು, ಆಗ ವಯಸ್ಸು 40. ಶವಪರೀಕ್ಷೆಯಲ್ಲಿ ಎಡ ಕೊರೊನರಿಯೇ ಇರಲಿಲ್ಲ. ಅಷ್ಟು ವರ್ಷ ಇಡೀ ಹೃದಯವನ್ನು ಸಾಕಿದ್ದು ಬಲಗಡೆಯ ಒಂದೇ ನಾಳ.

ಕ್ಯಾಲ್ಸಿಯಂ ಸ್ಕೋರ್ ಬಗ್ಗೆ ಒಂದು ಎಚ್ಚರ. ಅದೂ ಸಿಟಿ ಯಂತ್ರದಲ್ಲೇ ಆಗುವುದರಿಂದ "ನನಗೆ ಹಾರ್ಟ್ ಸಿಟಿ ಆಗಿದೆ" ಎಂದು ಜನ ಹೇಳುತ್ತಾರೆ. ಚಿತ್ರದಲ್ಲಿ ನಾಳ ಎದ್ದು ಕಾಣಲೆಂದು ರಕ್ತಕ್ಕೆ ಹಾಕುವ ಡೈ ಇಲ್ಲದ ಸ್ಕ್ಯಾನ್ ಅದು, ಸುಣ್ಣ ಕಟ್ಟಿದ್ದನ್ನು ಎಣಿಸಲು ಮಾಡಿದ್ದು. ಸೊನ್ನೆ ಬಂದರೆ ಸಂತೋಷವೇ, ಆದರೆ ನಾಳ ಎಲ್ಲಿಂದ ಹುಟ್ಟಿದೆ ಎಂಬುದಕ್ಕೆ ಅದನ್ನು ನಂಬಿ ಕೂರುವಂತಿಲ್ಲ.

ಸಿಟಿ ಕೊರೊನರಿ ಆಂಜಿಯೋಗ್ರಾಂ: ನಕ್ಷೆ ಬೇಕೆಂದರೆ ಇದೇ

ವಯಸ್ಕರಲ್ಲಿ, ಹದಿಹರೆಯದವರಲ್ಲಿ, ಮೂಲ ಮತ್ತು ದಾರಿಯ ಪ್ರಶ್ನೆಗೆ ಸಿಟಿಯಷ್ಟು ಖಚಿತ ಉತ್ತರ ಬೇರೆ ಯಾವುದೂ ಕೊಡುವುದಿಲ್ಲ. ಅರ್ಧ ಮಿಲಿಮೀಟರ್‌ನಷ್ಟು ಸೂಕ್ಷ್ಮವಾಗಿ ಕಾಣುತ್ತದೆ, ಇಡೀ ಹೃದಯವನ್ನು ಮೂರು ಆಯಾಮದಲ್ಲಿ ತಿರುಗಿಸಿ ನೋಡಬಹುದು. ಮಹಾಪಧಮನಿಯೊಳಗೆ ನಿಂತು ಗೋಡೆಯ ಕಡೆ ನೋಡಿದ ಹಾಗೆ ಬಾಯಿಯ ಆಕಾರ ತೋರಿಸುವ ಚಿತ್ರವನ್ನೂ ತೆಗೆಯಬಹುದು. ಎಕೋದಲ್ಲಿ ಅನುಮಾನ ಬಂದ ವಯಸ್ಕರಿಗೆ ನಾನು ಹೇಳುವುದು ಒಂದೇ: ನಡುವೆ ನಾಲ್ಕು ಪರೀಕ್ಷೆ ಮಾಡಿಸುತ್ತಾ ತಿಂಗಳು ಕಳೆಯಬೇಡಿ, ನೇರ ಸಿಟಿಗೆ ಹೋಗಿ.

ಆ ದಿನ ಏನಾಗುತ್ತದೆ ಗೊತ್ತಿದ್ದರೆ ಭಯ ಕಡಿಮೆ. ಮೊದಲು ಕ್ರಿಯಾಟಿನಿನ್ ವರದಿ ಕೇಳುತ್ತಾರೆ, ಡೈ ಹೊರಹಾಕುವುದು ಕಿಡ್ನಿಯ ಕೆಲಸ. ಹಿಂದೆ ಡೈಗೆ ಅಲರ್ಜಿ ಆಗಿದ್ದರೆ, ಥೈರಾಯ್ಡ್ ಹೆಚ್ಚಿದ್ದರೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಕೇಳುವ ಮೊದಲೇ ಹೇಳಿಬಿಡಿ. ಬೆಳಗ್ಗೆ ಫಿಲ್ಟರ್ ಕಾಫಿ ಬೇಡ, ನಾಡಿ ಏರುತ್ತದೆ. ನಾಡಿ 60ರ ಆಸುಪಾಸಿಗೆ ಇಳಿಯುವವರೆಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ಕೊಟ್ಟು ಕೂರಿಸುತ್ತಾರೆ. ಈ ಕಾಯುವಿಕೆಯೇ ಸ್ಕ್ಯಾನಿನ ಅತ್ಯಂತ ಉದ್ದದ ಭಾಗ, ಇಲ್ಲಿ ಅವಸರ ಮಾಡುವ ಸೆಂಟರ್‌ನಿಂದ ಮಸುಕು ಚಿತ್ರವೇ ಬರುವುದು. ನಾಲಿಗೆ ಕೆಳಗೆ ನೈಟ್ರೊಗ್ಲಿಸರಿನ್ ಸ್ಪ್ರೇ ಹೊಡೆಯುತ್ತಾರೆ, ತಲೆ ಸ್ವಲ್ಪ ಧಿಂ ಅನ್ನಬಹುದು. ಎದೆಗೆ ಇಸಿಜಿ ಪಟ್ಟಿ, ಮೊಣಕೈ ಸಂದಿಗೆ ದಪ್ಪ ಸೂಜಿ. ಡೈ ಒಳಗೆ ನುಗ್ಗಿದಾಗ ಗಂಟಲಿನಿಂದ ಹೊಟ್ಟೆಯ ಕೆಳಗಿನವರೆಗೂ ಬಿಸಿ ಹರಡುತ್ತದೆ, ಮೂತ್ರ ಹೋಗೇಬಿಟ್ಟಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ಉಸಿರು ಹಿಡಿಯಿರಿ ಅಂತ ಧ್ವನಿ ಬರುತ್ತದೆ, ಹತ್ತು ಸೆಕೆಂಡಿನೊಳಗೆ ಚಿತ್ರ ಮುಗಿದಿರುತ್ತದೆ.

ರೇಡಿಯೇಷನ್ ವಿಷಯ. ಹಿಂದಿನ ಯಂತ್ರಗಳಲ್ಲಿ ಇಡೀ ಹೃದಯಬಡಿತದುದ್ದಕ್ಕೂ ಕಿರಣ ಹಾಯಿಸುತ್ತಿದ್ದರು, ಪ್ರಮಾಣ 10 ಮಿಲಿಸೀವರ್ಟ್ ದಾಟುತ್ತಿತ್ತು. ಈಗ ಬಡಿತದ ಒಂದು ಹಂತದಲ್ಲಿ ಮಾತ್ರ ಕಿರಣ ಹಾಯಿಸುವ ವಿಧಾನದಲ್ಲಿ ಸಾಮಾನ್ಯವಾಗಿ 2ರಿಂದ 5ರೊಳಗೆ ಮುಗಿಯುತ್ತದೆ, ಹೊಸ ಯಂತ್ರಗಳಲ್ಲಿ ಇನ್ನೂ ಕಡಿಮೆ. ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಕಾರಣವಿದ್ದಾಗ ಒಮ್ಮೆ ಮಾಡಿಸಲು ಹೆದರುವಷ್ಟಿಲ್ಲ. ಆರು ತಿಂಗಳಿಗೊಮ್ಮೆ ಮಾಡಿಸುವಷ್ಟು ಸಲೀಸೂ ಅಲ್ಲ, ಅದರಲ್ಲೂ ಹೆಣ್ಣುಮಕ್ಕಳಿಗೆ, ಎಳೆಯರಿಗೆ. ಕನಿಷ್ಠ 64 ಸ್ಲೈಸ್ ಯಂತ್ರ ಇರಬೇಕು. ನಾಡಿ ಇಳಿಯದವರಿಗೆ, ಸಣ್ಣ ಮಕ್ಕಳಿಗೆ ಎರಡು ಕಿರಣಮೂಲಗಳಿರುವ ಡ್ಯುಯಲ್ ಸೋರ್ಸ್ ಅಥವಾ ಅದಕ್ಕೂ ಅಗಲದ ಯಂತ್ರ ಇರುವ ಕಡೆ ಹೋಗುವುದು ಮೇಲು. ಎಷ್ಟೋ ಸಲ ಮಗುವಿಗೆ ಅರಿವಳಿಕೆಯ ಅಗತ್ಯವೂ ತಪ್ಪುತ್ತದೆ.

ಸಿಟಿಯ ಮಿತಿ ಎಲ್ಲಿ? ಮಲಗಿದ್ದಾಗ, ನಾಡಿ ಇಳಿಸಿದ್ದಾಗ ತೆಗೆದ ಚಿತ್ರ ಅದು. ಓಡುವಾಗ ಆ ನಾಳಕ್ಕೆ ಏನಾಗುತ್ತದೆ ಎಂಬುದನ್ನು ಅದು ತೋರಿಸುವುದಿಲ್ಲ.

ವರದಿ ಕೈಗೆ ಬಂದಾಗ "ಅನಾಮಲಿ ಇದೆ" ಎಂಬ ಒಂದು ಸಾಲಿಗೆ ಒಪ್ಪಿಕೊಳ್ಳಬೇಡಿ. ಯಾವ ನಾಳ, ಯಾವ ಸೈನಸ್‌ನಿಂದ, ಯಾವ ದಾರಿ, ಬಾಯಿ ದುಂಡಗಿದೆಯೋ ಸೀಳಿನಂತಿದೆಯೋ, ಎಷ್ಟು ಓರೆಯಾಗಿ ಹೊರಡುತ್ತದೆ, ಗೋಡೆಯೊಳಗಿನ ತುಂಡು ಎಷ್ಟು ಮಿಲಿಮೀಟರ್, ಅಲ್ಲಿ ನಾಳ ಎಷ್ಟು ಕಿರಿದು: ಇಷ್ಟೂ ಇದ್ದರೆ ಮಾತ್ರ ಅದು ಈ ದೋಷದ ವರದಿ. "ಇಂಟರ್‌ಆರ್ಟೀರಿಯಲ್ ಕೋರ್ಸ್", ಅಂದರೆ ಎರಡು ದೊಡ್ಡ ನಾಳಗಳ ನಡುವಿನ ದಾರಿ, ಎಂದಿದ್ದರೆ ಮುಂದಿನ ತಪಾಸಣೆ ಬೇಕು. "ರೆಟ್ರೋಆರ್ಟಿಕ್" (ಮಹಾಪಧಮನಿಯ ಹಿಂದಿನಿಂದ) ಅಥವಾ "ಪ್ರೀಪಲ್ಮೋನಿಕ್" (ಪಲ್ಮನರಿ ಧಮನಿಯ ಮುಂದಿನಿಂದ) ಎಂದಿದ್ದರೆ ಬಹುತೇಕ ನೆಮ್ಮದಿ. "ಟ್ರಾನ್ಸ್‌ಸೆಪ್ಟಲ್" ಎಂದರೆ ನಾಳ ಪಲ್ಮನರಿ ಕವಾಟದ ಕೆಳಗೆ ಮಾಂಸದೊಳಗೆ ಹಾಯುತ್ತದೆ. ಇದನ್ನು ಇಂಟರ್‌ಆರ್ಟೀರಿಯಲ್ ಎಂದು ತಪ್ಪಾಗಿ ಬರೆಯುವುದುಂಟು, ಎರಡರ ಅಪಾಯವೂ ಒಂದೇ ಅಲ್ಲ, ಹಾಗಾಗಿ ಜನ್ಮಜಾತ ಹೃದ್ರೋಗದ ಅನುಭವವಿರುವವರ ಕಣ್ಣಿಗೆ ಚಿತ್ರ ಬೀಳಲಿ.

ಎಂಆರ್‌ಐ: ನಕ್ಷೆಯಲ್ಲಿ ಎರಡನೆಯದು, ಹರಿವಿನಲ್ಲಿ ಮುಂದೆ

ರೇಡಿಯೇಷನ್ ಇಲ್ಲ ಎಂಬ ಒಂದೇ ಕಾರಣಕ್ಕೆ ಎಂಆರ್‌ಐ ಆರಿಸುವವರಿಗೆ ಹೇಳಬೇಕಾದ್ದು: ಇದರ ಸೂಕ್ಷ್ಮತೆ ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ಒರಟು. ನಾಳದ ಮೂಲ ಮತ್ತು ಮೊದಲ ಕೆಲವು ಸೆಂಟಿಮೀಟರ್ ದಾರಿ ಚೆನ್ನಾಗಿ ಸಿಗುತ್ತದೆ. ಸೀಳು ಬಾಯಿ, ಗೋಡೆಯೊಳಗಿನ ತುಂಡು ಅಷ್ಟು ಖಚಿತವಾಗಿ ಸಿಗುವುದಿಲ್ಲ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೊಳವೆಯೊಳಗೆ ಅಲುಗಾಡದೆ ಮಲಗಬೇಕು, ಉಸಿರು ಹಿಡಿದು ಬಿಟ್ಟು ಮಾಡುತ್ತಿರಬೇಕು. ಸಣ್ಣ ಮಕ್ಕಳಿಗೆ ಅರಿವಳಿಕೆ ಬೇಕಾಗುತ್ತದೆ. ಹೃದಯದ ಎಂಆರ್‌ಐ ಓದಬಲ್ಲವರು ಬೆಂಗಳೂರು, ಮೈಸೂರು, ಮಂಗಳೂರಿನಂಥ ದೊಡ್ಡ ಊರುಗಳ ಆಚೆ ವಿರಳ. ಯಂತ್ರ ಇದೆ ಎಂದ ಮಾತ್ರಕ್ಕೆ ಹೃದಯಕ್ಕೆ ಬೇಕಾದ ಸಿದ್ಧತೆ ಇದೆ ಎಂದಲ್ಲ.

ಇದರ ನಿಜವಾದ ಬಲ ಎರಡನೇ ಪ್ರಶ್ನೆಯಲ್ಲಿದೆ. ಅಡೆನೊಸಿನ್ ಅಥವಾ ಡೊಬ್ಯುಟಮಿನ್ ಕೊಟ್ಟು ಹೃದಯಕ್ಕೆ ಶ್ರಮ ಕೊಟ್ಟಾಗ ಸ್ನಾಯುವಿನ ಯಾವ ಭಾಗಕ್ಕೆ ರಕ್ತ ತಡವಾಗಿ ತಲುಪುತ್ತದೆ, ಯಾವ ಭಾಗ ಮಂಕಾಗಿ ಬಡಿಯುತ್ತದೆ ಎಂದು ನೋಡಬಹುದು. ಗ್ಯಾಡೊಲಿನಿಯಂ ಎಂಬ ಎಂಆರ್‌ಐ ಡೈ ಕೊಟ್ಟು ಹತ್ತು ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಹಳೆಯ ಗಾಯ ಬೆಳ್ಳಗೆ ಎದ್ದು ಕಾಣುತ್ತದೆ. ಆಟದ ನಡುವೆ ತಲೆಸುತ್ತಿ ಬಿದ್ದ ಹುಡುಗನ ಹೃದಯದಲ್ಲಿ, ತಪ್ಪಿದ ನಾಳದ ವ್ಯಾಪ್ತಿಯಲ್ಲೇ ಅಂಥ ಗಾಯ ಕಂಡರೆ ಆಪರೇಷನ್ ಬೇಕೇ ಬೇಡವೇ ಎಂಬ ಚರ್ಚೆ ಬಹುತೇಕ ಮುಗಿಯುತ್ತದೆ. ಹಾಗಾಗಿ ಹೆಚ್ಚಿನವರಿಗೆ ಎಂಆರ್‌ಐ ಸಿಟಿಯ ಬದಲಿಗಲ್ಲ, ಸಿಟಿಯ ನಂತರ. ಐಯೋಡಿನ್ ಡೈ ಆಗದವರಿಗೆ ಮಾತ್ರ ಇದೇ ಮೊದಲಾಗಬಹುದು.

ಎಂಆರ್‌ಐ ಸಿಗದ ಕಡೆ ಸ್ಟ್ರೆಸ್ ಎಕೋ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್ ಮಾಡುತ್ತಾರೆ. ಬರೀ ಟಿಎಂಟಿಗಿಂತ ಮೇಲು, ಆದರೆ ಇವು ನಾರ್ಮಲ್ ಬಂದರೂ ಅಪಾಯದ ನಕ್ಷೆ ಇದ್ದವರು ಪೂರ್ತಿ ನಿಶ್ಚಿಂತರಾಗುವಂತಿಲ್ಲ.

ಕ್ಯಾಥೆಟರ್ ಆಂಜಿಯೋಗ್ರಾಂ: ಮೊದಲು ಬೇಡ, ಕೆಲವೊಮ್ಮೆ ಕೊನೆಗೆ ಬೇಕು

1958ರಲ್ಲಿ ಕ್ಲೀವ್‌ಲ್ಯಾಂಡ್‌ನ ಮೇಸನ್ ಸೋನ್ಸ್ ಮಹಾಪಧಮನಿಗೆ ಡೈ ಹಾಕಲು ಹೊರಟಾಗ ಕ್ಯಾಥೆಟರ್ ಆಕಸ್ಮಿಕವಾಗಿ ಬಲ ಕೊರೊನರಿಗೆ ಜಾರಿತು, ಅಲ್ಲಿಂದ ಈ ವಿದ್ಯೆ ಶುರು. ನಾಳದ ಒಳಗಿನ ಅಗಲ ತೋರಿಸುವುದರಲ್ಲಿ ಇಂದಿಗೂ ಇದನ್ನು ಮೀರಿಸಿದ್ದಿಲ್ಲ. ಆದರೆ ಇದು ನೆರಳಿನ ಚಿತ್ರ, ಎರಡು ಆಯಾಮದ್ದು. ನಾಳ ಮಹಾಪಧಮನಿಯ ಮುಂದಿದೆಯೋ ಹಿಂದಿದೆಯೋ ಎಂದು ಕೋನಗಳಿಂದ ಊಹಿಸಬೇಕು. ಬಾಯಿ ತಪ್ಪಿದ ಜಾಗದಲ್ಲಿದ್ದರೆ ಕ್ಯಾಥೆಟರ್ ಸಿಕ್ಕಿಸುವುದೇ ಸಾಹಸ, ಡೈ ಮತ್ತು ಸಮಯ ಎರಡೂ ಹೆಚ್ಚು ಹಿಡಿಯುತ್ತದೆ. ಹಾರ್ಟ್ ಅಟ್ಯಾಕ್ ಎಂದು ಮಧ್ಯರಾತ್ರಿ ಟೇಬಲ್ ಮೇಲೆ ಮಲಗಿಸಿದಾಗ ಅಕಸ್ಮಾತ್ ಗೊತ್ತಾಗುವ ದೋಷಗಳು ಬಹಳ. ಅಂಥವರಿಗೂ ದಾರಿ ಖಚಿತಪಡಿಸಲು ಆಮೇಲೆ ಸಿಟಿ ಮಾಡಿಸುತ್ತಾರೆ.

ಇದು ಗೆಲ್ಲುವುದು ಬೇರೆ ಕಡೆ. ನಾಳದೊಳಗೆ ಪುಟ್ಟ ಅಲ್ಟ್ರಾಸೌಂಡ್ ತೂರಿಸಿ, ಔಷಧಿಯಿಂದ ನಾಡಿ ಏರಿಸಿ ನೋಡಿದರೆ ಗೋಡೆಯೊಳಗಿನ ತುಂಡು ಬಡಿತಕ್ಕೊಮ್ಮೆ ಚಪ್ಪಟೆಯಾಗುವುದು ಕಣ್ಣಿಗೇ ಕಾಣುತ್ತದೆ. ಒತ್ತಡ ಅಳೆಯುವ ತಂತಿ ಹಾಕಿ, ಕಿರಿದಾದ ಜಾಗದಾಚೆ ಒತ್ತಡ ಎಷ್ಟು ಇಳಿಯುತ್ತದೆ ಎಂಬ ಎಫ್‌ಎಫ್‌ಆರ್ ಲೆಕ್ಕ ತೆಗೆಯಬಹುದು. ಸಿಟಿ ಮತ್ತು ಸ್ಟ್ರೆಸ್ ಪರೀಕ್ಷೆ ಪರಸ್ಪರ ಒಪ್ಪದಿದ್ದಾಗ, ನಡುವಯಸ್ಸಿನವರ ಬಲ ಕೊರೊನರಿಗೆ ಆಪರೇಷನ್ ಬೇಕೇ ಎಂಬ ತೂಗುಯ್ಯಾಲೆಯಲ್ಲಿದ್ದಾಗ ಇದಕ್ಕೆ ಬೆಲೆ.

ನಿಮ್ಮ ಪರಿಸ್ಥಿತಿ ಯಾವುದು?

ಆಡುವಾಗ, ಓಡುವಾಗ ಎದೆನೋವು ಬಂದ ಅಥವಾ ಪ್ರಜ್ಞೆ ತಪ್ಪಿದ ಮಗುವಿಗೆ, ಯುವಕರಿಗೆ: ಆಟ ಅಂದೇ ನಿಲ್ಲಿಸಿ, ಕೊರೊನರಿ ಬಾಯಿ ಹುಡುಕುವ ಎಕೋ ಮಾಡಿಸಿ, ಕಾಣದಿದ್ದರೆ ಅಥವಾ ಅನುಮಾನ ಬಂದರೆ ಸಿಟಿ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ನಿಂತು ತಲೆಸುತ್ತಿ ಬೀಳುವುದು ಬೇರೆ, ಓಟದ ನಡುವೆ ಬೀಳುವುದು ಬೇರೆ. ಎರಡನೆಯದನ್ನು ಬಿಸಿಲು, ಊಟ ಮಾಡಿರಲಿಲ್ಲ ಎಂದು ತಳ್ಳಿಹಾಕಬಾರದು. ಅಮೆರಿಕದಲ್ಲಿ 1,866 ಯುವ ಕ್ರೀಡಾಪಟುಗಳ ಹಠಾತ್ ಸಾವುಗಳನ್ನು ವಿಂಗಡಿಸಿ 2009ರಲ್ಲಿ ಪ್ರಕಟಿಸಿದಾಗ, ಹೃದಯದ ಕಾರಣಗಳಲ್ಲಿ ಕೊರೊನರಿ ದೋಷ ಶೇ. 17ರೊಂದಿಗೆ ಎರಡನೇ ಸ್ಥಾನದಲ್ಲಿತ್ತು.

ಐವತ್ತು ದಾಟಿದವರಿಗೆ ಬೇರೆ ಕಾರಣಕ್ಕೆ ಮಾಡಿದ ಸಿಟಿಯಲ್ಲಿ ಬಲ ಕೊರೊನರಿ ಎಡದಿಂದ ಹುಟ್ಟಿದ್ದು ಕಂಡರೆ: ಗಾಬರಿ ಬೇಡ, ಒಂದು ಸ್ಟ್ರೆಸ್ ಇಮೇಜಿಂಗ್ ಸಾಕಾಗಬಹುದು. ಇಷ್ಟು ವರ್ಷ ಅದೇ ನಾಳದ ಜತೆ ಬದುಕಿದ್ದಾರೆ ಎಂಬುದಕ್ಕೂ ತೂಕವಿದೆ. ಫ್ಯಾಲೋಟ್ ಟೆಟ್ರಾಲಜಿ ಎಂಬ ಹುಟ್ಟು ಹೃದ್ರೋಗದ ಆಪರೇಷನ್‌ಗೆ ಕಾಯುತ್ತಿರುವ ಮಗುವಿಗೆ ನಕ್ಷೆ ಕಡ್ಡಾಯ, ಏಕೆಂದರೆ ಸರ್ಜನ್ ಕತ್ತರಿಸುವ ಜಾಗದಲ್ಲೇ ಎಲ್‌ಎಡಿ ಅಡ್ಡ ಹಾದಿರುವ ಸಾಧ್ಯತೆ ಇರುತ್ತದೆ. ಯಾವ ಲಕ್ಷಣವೂ ಇಲ್ಲದೆ, ಸುದ್ದಿ ನೋಡಿ ಭಯವಾಗಿ ಸಿಟಿ ಮಾಡಿಸಿಕೊಳ್ಳಲು ಹೊರಟಿದ್ದರೆ ನನ್ನ ಮಾತು: ಬೇಡ. ಐದರಲ್ಲಿ ಒಬ್ಬರಿಗೆ ಬ್ರಿಡ್ಜ್ ಕಾಣುವ ಪರೀಕ್ಷೆ ಅದು, ಇಲ್ಲದ ರೋಗವನ್ನು ಮನೆಗೆ ತಂದುಕೊಂಡಂತಾಗುತ್ತದೆ.

ಚಿತ್ರ ಬಂದ ಮೇಲೆ: ಕಾಯುವುದೋ, ಆಪರೇಷನ್ನೋ?

ಅಮೆರಿಕದ ಹೃದ್ರೋಗ ಸಂಘಟನೆಗಳ 2018ರ ಮಾರ್ಗಸೂಚಿಯ ಸಾರ ಇಷ್ಟು. ಎಡದ್ದಾಗಲಿ ಬಲದ್ದಾಗಲಿ, ತಪ್ಪಿದ ನಾಳದಿಂದಲೇ ಲಕ್ಷಣ ಬರುತ್ತಿದ್ದರೆ ಅಥವಾ ರಕ್ತದ ಕೊರತೆ ಸಾಬೀತಾದರೆ ಆಪರೇಷನ್. ಎಡ ಕೊರೊನರಿ ಬಲ ಸೈನಸ್‌ನಿಂದ ಹುಟ್ಟಿದ್ದರೆ ಲಕ್ಷಣ ಇಲ್ಲದಿದ್ದರೂ ಆಪರೇಷನ್ ಪರಿಗಣಿಸುವುದು ಸಮಂಜಸ. ಬಲ ಕೊರೊನರಿ ಎಡದಿಂದ ಹುಟ್ಟಿ, ಲಕ್ಷಣವೂ ಇಲ್ಲ, ಕೊರತೆಯೂ ಇಲ್ಲ ಎಂದರೆ ಕಾದು ನೋಡುವುದಕ್ಕೂ ಜಾಗವಿದೆ. ಆಲ್‌ಕಾಪಾಕ್ಕೆ ಕಾಯುವ ಮಾತೇ ಇಲ್ಲ, ನಾಳವನ್ನು ಕಿತ್ತು ಮಹಾಪಧಮನಿಗೆ ಹೊಲಿಯುತ್ತಾರೆ, ಹೆಚ್ಚಿನ ಮಕ್ಕಳ ಹೃದಯ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಆಪರೇಷನ್ ಯಾವುದು ಎಂಬುದನ್ನೂ ನಕ್ಷೆಯೇ ತೀರ್ಮಾನಿಸುತ್ತದೆ. ಗೋಡೆಯೊಳಗಿನ ತುಂಡು ಉದ್ದವಿದ್ದರೆ ಒಳಗಿನಿಂದ ಅದರ ಚಾವಣಿ ತೆಗೆದು ಬಾಯಿ ಅಗಲ ಮಾಡುತ್ತಾರೆ, ಅನ್‌ರೂಫಿಂಗ್ ಎನ್ನುವುದು ಇದಕ್ಕೇ. ಅಂಥ ತುಂಡು ಇಲ್ಲದಿದ್ದರೆ ನಾಳವನ್ನು ಸರಿಯಾದ ಸೈನಸ್‌ಗೆ ಮರುಜೋಡಿಸಬಹುದು. ಬೈಪಾಸ್ ಸುಲಭವೆನಿಸಿದರೂ ಯುವಕರಲ್ಲಿ ಅದು ಬಾಳುವುದು ಅನುಮಾನ. ವಿಶ್ರಾಂತಿಯಲ್ಲಿ ಮೂಲ ನಾಳದಲ್ಲೇ ರಕ್ತ ಚೆನ್ನಾಗಿ ಹರಿಯುವುದರಿಂದ ಹೊಸ ನಾಳಕ್ಕೆ ಕೆಲಸವಿಲ್ಲದೆ ಅದು ಮುಚ್ಚಿಕೊಳ್ಳುತ್ತದೆ. ಬರೀ ಬ್ರಿಡ್ಜ್ ಇದ್ದು ಎದೆನೋವು ಬರುವವರಿಗೆ ಮೊದಲ ಮದ್ದು ನಾಡಿ ಇಳಿಸುವ ಬೀಟಾ ಬ್ಲಾಕರ್. ನಾಲಿಗೆ ಕೆಳಗಿನ ನೈಟ್ರೊಗ್ಲಿಸರಿನ್ ಅವರಿಗೆ ನೋವು ಹೆಚ್ಚಿಸಬಹುದು.

ಆಪರೇಷನ್ ಆದವರು ಮತ್ತೆ ಆಡಲು ಕನಿಷ್ಠ ಮೂರು ತಿಂಗಳು ಕಾಯಬೇಕು, ಲಕ್ಷಣವಿಲ್ಲದೆ ವ್ಯಾಯಾಮದ ಪರೀಕ್ಷೆ ಚೊಕ್ಕಟವಾಗಿ ಬರಬೇಕು. ಹೊಸ ಬಾಯಿ ಹೇಗಿದೆ ಎಂದು ನೋಡಲು ಇನ್ನೊಂದು ಸಿಟಿ ಕೇಳಬಹುದು, ಆಗ ಹಳೆಯದರ ಜತೆ ಹೋಲಿಸಬೇಕಾಗುತ್ತದೆ. ಆದ್ದರಿಂದ ಮೊದಲ ಸ್ಕ್ಯಾನ್ ಆದ ದಿನವೇ ಕಾಗದದ ವರದಿಯ ಜತೆ ಪೂರ್ತಿ ಚಿತ್ರಗಳ ಸಿಡಿ ಅಥವಾ ಪೆನ್‌ಡ್ರೈವ್ ಪ್ರತಿ ಕೇಳಿ ಪಡೆಯಿರಿ. ಎರಡನೇ ಅಭಿಪ್ರಾಯಕ್ಕೆ ಹೋದಾಗ ಸರ್ಜನ್ ಮೊದಲು ಕೇಳುವುದು ಅದನ್ನೇ, ಫಿಲಂ ಮೇಲಿನ ನಾಲ್ಕು ಚಿತ್ರಗಳಿಂದ ಅವರಿಗೆ ಗೋಡೆಯೊಳಗಿನ ತುಂಡು ಅಳೆಯಲು ಆಗುವುದಿಲ್ಲ.